ಸೊನ್ನೆಯಕ್ಕನ ಖಾಲಿ ಸೀಸೆ

ಆ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗೇಟು ಕಾಯುವವನಿಂದ ಹಿಡಿದು ಸಾಹೇಬರ ತನಕ ಎಲ್ಲರಿಗೂ ಅವಳು ಸೊನ್ನೆಯಕ್ಕ. ಹೊರಗಿನವರಿಗೆ ಬೈಗುಳದಂತೆ ಕೇಳಿಸಬಹುದು, ಆದರೆ ಅದು ಬಿರುದು. ಇಪ್ಪತ್ತೆರಡು ವರ್ಷ ಬೆವರು ಸುರಿಸಿ ಸಂಪಾದಿಸಿದ್ದು ಎನ್ನೋಣವೆಂದರೆ ಅದೂ ತಪ್ಪು. ಒಂದು ಹನಿ ಬೆವರೂ ಬೀಳದಂತೆ ನೋಡಿಕೊಂಡು ಸಂಪಾದಿಸಿದ್ದು. ಅಲ್ಲಿ ಬೆವರು ಸುರಿಸಿದರೆ ಕೆಲಸ ಕೆಟ್ಟಿತು.

ಕೆರೆ, ಅಣೆಕಟ್ಟು, ನಲ್ಲಿ, ಕೊಳವೆಬಾವಿಗಳ ನೀರಿನಲ್ಲಿ ಇರಬಾರದ್ದು ಎಷ್ಟಿದೆ ಎಂದು ಅಳೆಯುವುದು ಅವರ ಕೆಲಸ. ಸೀಸ, ಪಾದರಸ, ಕೀಟನಾಶಕ, ಏನೇ ಇರಲಿ, ಅವರು ಅಳೆಯುವ ಪ್ರಮಾಣ ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ಪಾದರಸವಾದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಒಂದು ಲೀಟರು ನೀರಿನಲ್ಲಿ ಅಂಥ ಎಷ್ಟು ಪಾಲು ಇದೆ ಎಂದು ಹೇಳಬೇಕು. ಅಷ್ಟು ಸಣ್ಣ ಲೆಕ್ಕಕ್ಕೆ ಇಳಿದ ಮೇಲೆ ಕೆರೆಗಿಂತ ಕೆಲಸದವರೇ ಹೆಚ್ಚು ಕೊಳಕು. ಅವರ ಕೂದಲು, ಉಸಿರು, ಅಂಗಿಯ ತೋಳಿನ ಧೂಳು, ಎಲ್ಲವೂ ಸೀಸೆಯೊಳಗೆ ಇಳಿಯಲು ಕಾದು ಕೂತಿರುತ್ತವೆ.

ಅದಕ್ಕೇ ಖಾಲಿ ಸೀಸೆ. ಹೆಸರಿಗೆ ಖಾಲಿ, ಒಳಗೆ ಯಂತ್ರದಲ್ಲಿ ಸೋಸಿ ಸೋಸಿ ಏನೂ ಉಳಿಯದಂತೆ ಮಾಡಿದ ನೀರಿರುತ್ತದೆ. ಕೆರೆಯ ನೀರಿನ ಸೀಸೆಗಳ ಜೊತೆಗೆ ಅದಕ್ಕೂ ಅದೇ ಆಮ್ಲ ಹಾಕಿ, ಅದೇ ಯಂತ್ರಕ್ಕೆ ಕೊಡುತ್ತಾರೆ. ಅದರಲ್ಲಿ ಏನಾದರೂ ಕಂಡರೆ ಅದು ಕೆರೆಯದಲ್ಲ, ಸೀಸೆ ಮುಟ್ಟಿದವರದು. ಆ ದಿನದ ಲೆಕ್ಕವೆಲ್ಲ ಕಸದ ಬುಟ್ಟಿಗೆ. ಯಾರ ಖಾಲಿ ಸೀಸೆ ಎಷ್ಟು ತೋರಿಸಿತು ಎಂದು ದಿನವೂ ಮೊಗಸಾಲೆಯ ಬಿಳಿ ಹಲಗೆಯ ಮೇಲೆ, ಬಂದು ಹೋಗುವವರಿಗೆಲ್ಲ ಕಾಣುವಂತೆ ಬರೆಯುತ್ತಿದ್ದರು. ಉಳಿದವರ ಸಂಖ್ಯೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಅವಳದು ಮಾತ್ರ ಯಂತ್ರದ ಕಣ್ಣಿಗೆ ಬೀಳದಷ್ಟು ಕಡಿಮೆ.

ತಂಗಿ ಬರುವ ತನಕ.

ತಂಗಿ ಎಂದರೆ ಒಡಹುಟ್ಟಿದ ತಂಗಿಯೇ, ಹನ್ನೆರಡು ವರ್ಷಕ್ಕೆ ಕಿರಿಯಳು. ಮೂರು ವರ್ಷದ ಹಿಂದೆ ಒಂದು ಜಾಗ ಖಾಲಿಯಾದಾಗ ಅಕ್ಕನೇ ಸಾಹೇಬರ ಬಳಿ ಹೋಗಿ, ನನ್ನ ತಂಗಿಯ ಕೈ ಚೊಕ್ಕ ಸಾರ್, ಒಂದು ಸಲ ನೋಡಿ ಎಂದಿದ್ದಳು. ಕೈಗವಸು ಹಾಕುವುದರಿಂದ ಹಿಡಿದು ಮುಚ್ಚಳವನ್ನು ಯಾವ ಬೆರಳಲ್ಲಿ ತಿರುಗಿಸಬೇಕು ಎಂಬುದರವರೆಗೆ ಕೈ ಹಿಡಿದು ಕಲಿಸಿದ್ದಳು. ಕಲಿತವಳು ಎಷ್ಟು ಕಲಿಯಬೇಕೋ ಅಷ್ಟಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎರಡನೇ ವರ್ಷಕ್ಕೆ ಅವಳ ಸಂಖ್ಯೆಯೂ ಯಂತ್ರದ ಕಣ್ಣಿಗೆ ಬೀಳದಾಯಿತು. ಹಲಗೆಯ ಮೇಲೆ ಎರಡು ಹೆಸರಿನ ಮುಂದೆ ಒಂದೇ ಸಂಖ್ಯೆ ನೋಡಿದ ದಿನ ಅಕ್ಕನಿಗೆ ಊಟ ಸೇರಲಿಲ್ಲ.

ಹೀಗಿರುವಾಗ ಪಾದರಸಕ್ಕೆಂದೇ ಒಂದು ಹೊಸ ಕೋಣೆ ಕಟ್ಟಿದರು. ಎರಡು ಬಾಗಿಲು, ಸೋಸಿದ ಗಾಳಿ, ಕಾಲಿಟ್ಟರೆ ಚಪ್ಪಲಿಯ ಧೂಳನ್ನು ಹಿಡಿದುಕೊಳ್ಳುವ ಅಂಟು ಚಾಪೆ, ಇನ್ನೂ ಪ್ಲಾಸ್ಟಿಕ್ ಸುಲಿಯದ ಯಂತ್ರ. ಅದರ ಉಸ್ತುವಾರಿಗೆ ಒಬ್ಬರು ಬೇಕು. ಸಾಹೇಬರು ಇಬ್ಬರನ್ನೂ ಕರೆದು, "ನಿಮ್ಮಿಬ್ಬರಲ್ಲಿ ಒಬ್ಬರು. ಆರು ವಾರ ಹಳೇ ಯಂತ್ರದಲ್ಲೇ ಪಾದರಸಕ್ಕೆ ಖಾಲಿ ಸೀಸೆ ನೋಡೋಣ. ಯಾರದು ಕಡಿಮೆಯೋ ಅವರಿಗೆ. ಸಂಖ್ಯೆಗೆ ಅಕ್ಕ ಯಾರು ತಂಗಿ ಯಾರು ಅಂತ ಗೊತ್ತಾಗಲ್ಲ ನೋಡಿ," ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ತಂಗಿಯೂ ನಕ್ಕಳು. ಅಕ್ಕ ನಗುವಂತೆ ಮುಖ ಮಾಡಿದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ದರ್ಜಿ. ಹಲ್ಲಿನ ನಡುವೆ ದಾರ ಹಿಡಿದುಕೊಂಡೇ, "ಯಾರಿಗೆ ಸಿಕ್ಕರೇನೇ? ಮನೆಯವರಿಗೇ ತಾನೆ," ಎಂದ. ತಂಗಿಯ ಮನೆಯಲ್ಲಿದ್ದ ಅಮ್ಮ ಫೋನು ಮಾಡಿ, "ಅವಳಿಗೆ ಸಿಕ್ಕರೂ ನಿನಗೆ ಸಿಕ್ಕ ಹಾಗೇ ಅಲ್ವಾ?" ಎಂದಳು. ನಿನಗೆ ಸಿಕ್ಕರೆ ಅವಳಿಗೆ ಸಿಕ್ಕ ಹಾಗೆ ಎಂದು ಯಾರ ಬಾಯಲ್ಲೂ ಬರಲಿಲ್ಲ. ಅದನ್ನು ಅಕ್ಕ ಗಮನಿಸಿದಳು. ಇಂಥದ್ದನ್ನು ಗಮನಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಮೊದಲ ವಾರ ಇಬ್ಬರದೂ ಸಮಸಮ. ಎರಡನೇ ವಾರ ಅಣೆಕಟ್ಟಿನ ನೀರು ತರಲು ದೋಣಿಯಲ್ಲಿ ಹೋದರು. ಪಾದರಸಕ್ಕೆ ನೀರು ಹಿಡಿಯಲು ಇಬ್ಬರು ಬೇಕು. ಸೀಸೆ ಎರಡು ಚೀಲದೊಳಗೆ ಇರುತ್ತದೆ. ಹೊರಚೀಲ, ಹುಟ್ಟು, ಹಗ್ಗ, ದೋಣಿಯ ಅಂಚು, ಹೀಗೆ ಲೋಕದ ಕೊಳೆಯನ್ನೆಲ್ಲ ಮುಟ್ಟುವವರು ಒಬ್ಬರು. ಅವರನ್ನು ಕೊಳೆಗೈ ಎನ್ನುತ್ತಿದ್ದರು. ಒಳಚೀಲ ಮತ್ತು ಸೀಸೆಯ ಹೊರತು ಇನ್ನೇನನ್ನೂ ಮುಟ್ಟದವರು ಇನ್ನೊಬ್ಬರು, ಅವರು ಶುಚಿಗೈ. ಇಪ್ಪತ್ತೆರಡು ವರ್ಷ ಅಕ್ಕ ಶುಚಿಗೈ ಆಗಿಯೇ ದೋಣಿ ಹತ್ತಿದ್ದಳು. ಅವತ್ತು ಸಾಹೇಬರು ದಂಡೆಯಲ್ಲೇ ನಿಂತು, "ಇವತ್ತು ಇವಳು ಶುಚಿಗೈ ಆಗಲಿ. ಸೊನ್ನೆಯಕ್ಕ, ನೀವು ಕೊಳೆಗೈ. ಅವಳಿಗೂ ಅಭ್ಯಾಸ ಆಗ್ಬೇಕಲ್ಲ," ಎಂದರು.

ತಂಗಿ ದೋಣಿಯ ಮುಂದೆ ಕೂತು ಎರಡೂ ಕೈಯನ್ನು ಎದೆಯ ಮುಂದೆ ಎತ್ತಿಕೊಂಡಳು, ಏನನ್ನೂ ಮುಟ್ಟದಂತೆ. ಅಕ್ಕ ಹಿಂದೆ ಕೂತು ಒದ್ದೆ ಹಗ್ಗ ಎಳೆದಳು. ಹೊರಚೀಲ ಬಿಚ್ಚಿ ಹಿಡಿದಳು. ತಂಗಿಯ ಬೆರಳುಗಳು ಅವಳ ಕೈಗೆ ತಾಗದಂತೆ ಎಚ್ಚರದಿಂದ ಒಳಗೆ ಇಳಿದು ಸೀಸೆ ತೆಗೆದವು. ತಾಗಬಾರದು ಎಂದು ಕಲಿಸಿದ್ದು ತಾನೇ ಎಂಬುದು ಗೊತ್ತಿದ್ದರೂ ಅಕ್ಕನ ಮೈಯೆಲ್ಲ ಉರಿಯಿತು. ಅಷ್ಟು ಸಾಲದು ಎಂಬಂತೆ ಸಾಹೇಬರು ದಂಡೆಯಿಂದ ಫೋಟೋ ತೆಗೆದರು. ಫೋಟೋದಲ್ಲಿ ತಂಗಿಯ ಮುಖ ತೊಳೆದ ಬಟ್ಟಲಿನ ಹಾಗಿತ್ತು. ಅಕ್ಕನ ಎರಡು ಕೆನ್ನೆಯ ಮೇಲೂ ಬಂಗು ಬಿದ್ದ ಕಂದು ಮಚ್ಚೆಗಳು ಬಿಸಿಲಿನಲ್ಲಿ ಎದ್ದು ಕಾಣುತ್ತಿದ್ದವು. ಕೋಣೆ ತೆರೆಯುವ ದಿನ ಪತ್ರಿಕೆಯವರು ಬರುತ್ತಾರಂತೆ ಎಂದು ಯಾರೋ ಹೇಳಿದರು.

ಅವಳು ಆ ಸಂಜೆಯೇ ಬ್ಯೂಟಿ ಪಾರ್ಲರಿಗೆ ಹೋದಳು. ಅಲ್ಲಿಯವಳು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿ, ಒಂದು ಪುಟ್ಟ ದುಂಡು ಡಬ್ಬಿ ಕೊಟ್ಟಳು. ಮೇಲೆ ಹೆಸರಿಲ್ಲ, ಕಂಪನಿಯಿಲ್ಲ, ಒಳಗೆ ಏನಿದೆಯೆಂಬ ಪಟ್ಟಿಯಿಲ್ಲ. "ಮಲಗೋ ಮುಂಚೆ ಹಚ್ಚಿ, ಬೆಳಿಗ್ಗೆ ತೊಳೀರಿ. ಮೂರೇ ವಾರ," ಎಂದಳು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನೆಲ್ಲ, ಏನು ಸೋಪು, ಏನು ಎಣ್ಣೆ, ಹಲ್ಲಿಗೆ ಏನು ತುಂಬಿಸಿದ್ದೀರಿ ಎಂದು ಪೊಲೀಸಿನವರ ಹಾಗೆ ವಿಚಾರಿಸುತ್ತಿದ್ದ ಸೊನ್ನೆಯಕ್ಕ ಆ ಡಬ್ಬಿಯ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ತೊಳೆದ ಮೇಲೆ ಏನು ಉಳಿಯುತ್ತದೆ ಎಂದುಕೊಂಡಳು. ಬೇರೆಯವರು ಹೀಗೆಂದಿದ್ದರೆ ಅರ್ಧ ಗಂಟೆ ಪಾಠ ಹೇಳುತ್ತಿದ್ದಳು.

ಮುಲಾಮು ಕೆಲಸ ಮಾಡಿತು. ಮಚ್ಚೆಗಳು ದಿನದಿನಕ್ಕೆ ತಿಳಿಯಾದವು. ಗಂಡ ಕೂಡ ಸೂಜಿಯಿಂದ ತಲೆ ಎತ್ತಿ, "ಏನೇ, ಮುಖ ಕನ್ನಡಿ ಆಗ್ತಿದೆ?" ಎಂದ. ಆದರೆ ಹಲಗೆಯ ಮೇಲೆ ಅವಳ ಹೆಸರಿನ ಮುಂದೆ ಮೊದಲ ಸಲ ನಿಜವಾದ ಒಂದು ಸಂಖ್ಯೆ ಬಂತು. ಒಂದು. ಮರುದಿನ ಎರಡು. ಆ ವಾರದ ಕೊನೆಗೆ ನಾಲ್ಕು. ತಂಗಿಯದು ಎಂದಿನಂತೆ ಕಣ್ಣಿಗೆ ಬೀಳದಷ್ಟು.

ಅಕ್ಕ ಆಮ್ಲ ಬದಲಿಸಿದಳು. ಸೀಸೆಗಳನ್ನು ಮೂರು ಮೂರು ಸಲ ತೊಳೆದಳು. ಕೈಗವಸಿನ ಹೊಸ ಪೆಟ್ಟಿಗೆ ಒಡೆದಳು. ಸಂಖ್ಯೆ ಇಳಿಯಲಿಲ್ಲ. ಕೈ ಬೇರೆ ಸಣ್ಣಗೆ ನಡುಗತೊಡಗಿತು, ಅದು ಸಿಟ್ಟಿಗೆ ಎಂದುಕೊಂಡಳು. ಮೊಗಸಾಲೆಯಲ್ಲಿ ಜನ ಹಲಗೆ ನೋಡಿ, ಅವಳನ್ನು ನೋಡಿ, ಏನೂ ಕಾಣದವರ ಹಾಗೆ ಹೋಗುತ್ತಿದ್ದರು. ತಂಗಿ ಮಾತ್ರ ಬಂದು, "ಅಕ್ಕ, ನಾನು ಒಂದ್ಸಲ ನಿನ್ನ ಸೀಸೆಗಳನ್ನ ತೊಳೆದು ಕೊಡ್ಲಾ?" ಎಂದಳು.

"ನನಗೆ ಸೀಸೆ ತೊಳೆಯೋದು ನೀನು ಹೇಳಿಕೊಡ್ತೀಯಾ?"

"ಹಾಗಲ್ಲ ಅಕ್ಕ..."

"ಹೋಗೇ, ನಿನ್ನ ಕೆಲಸ ನೋಡು."

ಆಗ ಹುಟ್ಟಿತು ಅನುಮಾನ. ಬೆಳಿಗ್ಗೆ ಇಬ್ಬರ ತಟ್ಟೆಯಲ್ಲೂ ಸೀಸೆ ಜೋಡಿಸಿ ಇಡುವವಳು ತಂಗಿಯೇ. ಅವಳೇ ಏನೋ ಮಾಡುತ್ತಿದ್ದಾಳೆ! ಒಂದು ಸಲ ಹಾಗೆ ಅನ್ನಿಸಿದ್ದೇ ತಡ, ಎಲ್ಲವೂ ಅದಕ್ಕೆ ಸಾಕ್ಷಿಯಾಯಿತು. ಅವಳ ನಗು ಸಾಕ್ಷಿ, ತೊಳೆದು ಕೊಡ್ಲಾ ಎಂದದ್ದು ಸಾಕ್ಷಿ, ಚಿಕ್ಕಂದಿನಲ್ಲಿ ಅಕ್ಕನ ಪೆನ್ನು ಮುರಿದು ಇಲ್ಲವೆಂದದ್ದು ಕೂಡ ಸಾಕ್ಷಿ. ಹೊಟ್ಟೆಯಲ್ಲಿ ಕಿಚ್ಚಿದ್ದವರಿಗೆ ಸಾಕ್ಷಿಗಳಿಗೆ ಬರವಿಲ್ಲ.

ಐದನೇ ವಾರದ ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅಕ್ಕ ಒಳಗೆ ಬಂದಳು. ಯಾರ ಸೀಸೆ ಎಂಬ ಗುರುತು ಇರುತ್ತಿದ್ದುದು ಮುಚ್ಚಳದ ಮೇಲೆ ಮಾತ್ರ. ಎರಡು ಖಾಲಿ ಸೀಸೆಗಳ ಮುಚ್ಚಳ ಬಿಚ್ಚಿದಳು. ತನ್ನ ಮುಚ್ಚಳ ತಂಗಿಯ ಸೀಸೆಗೆ, ತಂಗಿಯ ಮುಚ್ಚಳ ತನ್ನದಕ್ಕೆ ಹಾಕಿ ತಿರುಗಿಸಿದಳು. ಅವಸರದಲ್ಲಿ ಮೂಗಿನ ಮೇಲಿನ ಮುಸುಕು ಗಲ್ಲಕ್ಕೆ ಜಾರಿತ್ತು. ಒಂದು ದಿನ, ಒಂದೇ ಒಂದು ದಿನ, ನನ್ನ ಕೊಳೆ ಅವಳ ಹೆಸರಿನ ಮುಂದೆ ಇರಲಿ ಎಂದುಕೊಂಡಳು.

ಮೂರು ಗಂಟೆಗೆ ಯಂತ್ರ ಓದಿತು. ತಂಗಿಯ ಹೆಸರಿನ ಸೀಸೆ ಒಂಬತ್ತು. ಅಕ್ಕನ ಹೊಟ್ಟೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಅವಳ ಹೆಸರಿನದು ಬಂತು. ಆರು.

ಆರು ಹೇಗೆ? ಅದರೊಳಗಿದ್ದದ್ದು ತಂಗಿಯ ನೀರು. ನಿನ್ನೆಯ ತನಕ ಏನೂ ಕಾಣದ ನೀರು. ಸಂತೋಷ ಪಡುತ್ತಿದ್ದ ಅಕ್ಕ ಪಕ್ಕಕ್ಕೆ ಸರಿದು, ಇಪ್ಪತ್ತೆರಡು ವರ್ಷದ ಕೆಲಸದವಳು ಮುಂದೆ ಬಂದಳು. ಬೆಳಗಿನಿಂದ ಆ ಎರಡು ಸೀಸೆಗಳಿಗೂ ಹೊಸದಾಗಿ ಆದದ್ದು ಒಂದೇ. ಅವೆರಡನ್ನೂ ತಾನು ತೆರೆದದ್ದು.

ಎಲ್ಲರೂ ಹೊರಟ ಮೇಲೆ ಮೂರು ಬಟ್ಟಲಲ್ಲಿ ಶುದ್ಧ ನೀರು ತುಂಬಿದಳು. ಒಂದನ್ನು ಯಾರೂ ಹೋಗದ ಮೂಲೆಯಲ್ಲಿಟ್ಟಳು, ಒಂದನ್ನು ತನ್ನ ಕೆಲಸದ ಕೋಟು ನೇತು ಹಾಕಿದ ಮೊಳೆಯ ಕೆಳಗೆ. ಮೂರನೆಯದರ ಮೇಲೆ ಹತ್ತು ನಿಮಿಷ ಬಗ್ಗಿ ಕೂತಳು. ಮೂಲೆಯದರಲ್ಲಿ ಏನೂ ಇಲ್ಲ. ಕೋಟಿನ ಕೆಳಗಿನದು ಮೂರು. ಮುಖದ ಕೆಳಗಿನದು ಹದಿನಾಲ್ಕು. ಆಮೇಲೆ ಕೈಚೀಲದಿಂದ ಡಬ್ಬಿ ತೆಗೆದು, ಸಾಸಿವೆ ಕಾಳಿನಷ್ಟು ಮುಲಾಮನ್ನು ಒಂದು ಲೀಟರಿಗೆ ಕಲಸಿ, ಅದರಲ್ಲಿ ಒಂದು ಚಮಚ ತೆಗೆದು ಇನ್ನೊಂದು ಲೀಟರಿಗೆ ಹಾಕಿ ಕೊಟ್ಟಳು. ಯಂತ್ರ ಮುನ್ನೂರು ದಾಟಿ ಓದುವುದನ್ನೇ ನಿಲ್ಲಿಸಿತು.

ಪಾದರಸ. ಮೂರು ವಾರದಿಂದ ಮುಖಕ್ಕೆ ಹಚ್ಚಿಕೊಂಡು ಮಲಗಿದ್ದಳು.

ಡಬ್ಬಿಯನ್ನು ವಿಷದ ಕಸದ ಪೆಟ್ಟಿಗೆಗೆ ಹಾಕಿದಳು. ಯಾರಿಗೂ ಏನೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಹೇಳುವ ಮನಸ್ಸು ಇರಲಿಲ್ಲ ಎನ್ನುವುದೇ ಸರಿ.

ಮರುದಿನ ಅವಳು ಬರುವಷ್ಟರಲ್ಲಿ ತಂಗಿ ಎಲ್ಲವನ್ನೂ ಮುಗಿಸಿಬಿಟ್ಟಿದ್ದಳು. ಆ ಪ್ರಯೋಗಾಲಯದಲ್ಲಿ ತಪ್ಪುಗಳಿಗೆ ಒಂದು ಪುಸ್ತಕವಿತ್ತು. ಯಾರಿಂದ ಏನು ಕೆಟ್ಟಿತೋ ಅವರೇ ಅದರಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಬರೆದದ್ದನ್ನು ಅಳಿಸುವ ಹಾಗಿಲ್ಲ. ತಪ್ಪಾಗಿದ್ದರೆ ಮೇಲೊಂದು ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯಬೇಕು. ಸಾಹೇಬರು ಪುಸ್ತಕವನ್ನು ಅಕ್ಕನ ಕಡೆ ತಿರುಗಿಸಿದರು. ತಂಗಿಯ ದುಂಡು ಅಕ್ಷರ: ಹೋದ ತಿಂಗಳು ನನ್ನ ದವಡೆಯ ಹಲ್ಲಿಗೆ ಬೆಳ್ಳಿ ತುಂಬಿಸಿದ್ದೇನೆ. ಅದರಲ್ಲಿ ಪಾದರಸ ಇರುತ್ತದೆ ಎಂದು ಗೊತ್ತಿದ್ದೂ ತಿಳಿಸಲಿಲ್ಲ. ಇಬ್ಬರ ಸೀಸೆಗಳನ್ನೂ ಜೋಡಿಸುವವಳು ನಾನು, ಮುಸುಕು ಹಾಕುವ ಮುಂಚೆ ಜೋಡಿಸುವುದು ಅಕ್ಕನ ತಟ್ಟೆಯನ್ನೇ. ಅಕ್ಕನ ಸಂಖ್ಯೆ ಏರಿದ್ದೂ ಆಗಿನಿಂದಲೇ. ಕಾರಣ ನನ್ನ ಉಸಿರು.

"ಹಲ್ಲು ತುಂಬಿಸಿದ ದಿನಕ್ಕೂ ನಿಮ್ಮ ಸಂಖ್ಯೆ ಏರಿದ ದಿನಕ್ಕೂ ತಾಳೆ ಆಗತ್ತೆ," ಎಂದರು ಸಾಹೇಬರು. "ನಿಮ್ಮ ಮೇಲೆ ಸುಮ್ಮನೆ ಅನುಮಾನ ಪಟ್ಟೆವಮ್ಮ. ಇನ್ನು ಆರನೇ ವಾರ ಕಾಯೋದು ಬೇಡ, ಸೋಮವಾರ ಕೋಣೆಯ ಬೀಗದ ಕೈ ತಗೊಳ್ಳಿ."

ಸಿಕ್ಕಿತು! ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ಐದು ಗಂಟೆ ಕಾಲ, ಪಾದರಸದ ಕೋಣೆ ಸೊನ್ನೆಯಕ್ಕನದಾಗಿತ್ತು. ಎರಡು ಸಲ ಹೋಗಿ ಗಾಜಿನಾಚೆಯಿಂದ ಯಂತ್ರ ನೋಡಿ ಬಂದಳು. ಮೂರು ಗಂಟೆಗೆ ಅಮ್ಮನ ಫೋನು ಬಂತು.

"ನಿನಗೇ ಸಿಕ್ತಂತಲ್ಲೇ! ಅವಳೇ ಹೇಳಿದಳು. ಪಾಪ, ಅರ್ಧ ದಿನ ರಜ ಹಾಕಿ ಬಂದಿದಾಳೆ. ನಾಲ್ಕು ಗಂಟೆಗೆ ಹಲ್ಲಿನ ಡಾಕ್ಟರ ಹತ್ರ ಹೋಗ್ತಾಳಂತೆ, ಆ ಹಲ್ಲನ್ನೇ ಕೀಳಿಸಿ ಬಿಡ್ತಾಳಂತೆ. ಅಕ್ಕನ ಹೆಸರಿಗೆ ನನ್ನಿಂದ ಮಸಿ ಬಿತ್ತು ಅಂತ ಬಂದಾಗಿನಿಂದ ಒಂದೇ ಅಳು. ಎಂಥ ಮನಸ್ಸು ನೋಡು ಅವಳದು!"

ಕಥೆ ಹೇಳುವವರು ಇಲ್ಲಿ ಅಕ್ಕನ ಕರುಳು ಚುರುಕ್ ಎಂದಿತು ಎನ್ನಬೇಕು. ಎಂದದ್ದು ನಿಜ. ಆದರೆ ಅದಕ್ಕೂ ಮೊದಲು ಬೇರೊಂದು ಆಯಿತು. ಎಂಥ ಮನಸ್ಸು ಅವಳದು ಎಂಬ ಮಾತಿಗೆ ಮೈ ಉರಿದು ಹೋಯಿತು. ತಪ್ಪನ್ನೇ ಮಾಡದವಳು ತಪ್ಪು ಒಪ್ಪಿಕೊಂಡು ಅದರಲ್ಲೂ ಮೇಲಾಗಿಬಿಟ್ಟಳಲ್ಲ! ಶುಚಿಗೈಯೂ ಅವಳದೇ, ಶುಚಿ ಮನಸ್ಸೂ ಅವಳದೇ. ತನಗೆ ಉಳಿದದ್ದು ಕೋಣೆ, ಅದೂ ಅವಳು ಬಿಟ್ಟುಕೊಟ್ಟದ್ದು. ಈ ತಪ್ಪನ್ನೂ ಅವಳಿಗೆ ಬಿಟ್ಟುಕೊಡಲಾರೆ ಎಂದುಕೊಂಡು ಅಕ್ಕ ಸಾಹೇಬರ ಕೋಣೆಗೆ ನುಗ್ಗಿ ಪುಸ್ತಕ ಎಳೆದುಕೊಂಡಳು.

ತಂಗಿಯ ಬರವಣಿಗೆಯ ಮೇಲೆ ಒಂದು ಗೆರೆ ಎಳೆದಳು. ಕೆಳಗೆ ಬರೆದಳು: ಗುರುವಾರ ಎರಡೂ ಖಾಲಿ ಸೀಸೆ ತೆರೆದು ಮುಚ್ಚಳ ಬದಲಿಸಿದವಳು ನಾನು. ನನ್ನ ಸಂಖ್ಯೆ ಏರಿದ್ದು ನಾನು ಮುಖಕ್ಕೆ ಹಚ್ಚಿದ ಮುಲಾಮಿನ ಪಾದರಸದಿಂದ. ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಸಹಿ ಹಾಕುವ ಮುನ್ನ ಕೈ ತಡೆಯಿತು. ಮುಚ್ಚಳ ಬದಲಿಸಿದ್ದಕ್ಕೆ ಕಾರಣ ಬರೆದಿರಲಿಲ್ಲ. ಅಜಾಗರೂಕತೆ ಎಂದು ಬರೆಯಬಹುದಿತ್ತು, ಎಲ್ಲರೂ ಹಾಗೇ ಬರೆಯುತ್ತಿದ್ದರು. ಅವಳು ಬರೆದದ್ದು ಒಂದೇ ಪದ. ಹೊಟ್ಟೆಕಿಚ್ಚು.

ಸಾಹೇಬರು ಎರಡು ಸಲ ಓದಿದರು. ಕನ್ನಡಕ ತೆಗೆದರು. "ಈ ಪುಸ್ತಕದಲ್ಲಿ ಇಂಥ ಕಾರಣ ಯಾರೂ ಬರೆದಿಲ್ಲವಲ್ಲಮ್ಮ."

"ಇತ್ತು ಸಾರ್. ಬರೆದಿರಲಿಲ್ಲ ಅಷ್ಟೆ," ಎಂದವಳೇ ಅಕ್ಕ ಚಪ್ಪಲಿ ಮೆಟ್ಟಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಓಡಿದಳು.

ತಂಗಿ ಇನ್ನೂ ಹೊರಗಿನ ಬೆಂಚಿನ ಮೇಲೆ, ಮೂರನೆಯವಳಾಗಿ ಕೂತಿದ್ದಳು. ಅಕ್ಕ ಅವಳ ಮುಂದೆ ನಿಂತು, ಕೆನ್ನೆ ಊದಿದ ಇಬ್ಬರು ಅಪರಿಚಿತರು ಕೇಳುತ್ತಿದ್ದಂತೆಯೇ, ಮುಲಾಮಿನಿಂದ ಮುಚ್ಚಳದ ತನಕ ಹೇಳಿ ಮುಗಿಸಿದಳು. ತಂಗಿ ತನ್ನ ಸರದಿಯ ಚೀಟಿಯನ್ನು ಪಕ್ಕದವರಿಗೆ ಕೊಟ್ಟು ಎದ್ದು ಹೋದಳು. ಎರಡು ವಾರ ಅಕ್ಕನ ಜೊತೆ ಮಾತಾಡಲಿಲ್ಲ.

ಆ ಎರಡು ವಾರದಲ್ಲಿ ಡಾಕ್ಟರು ಅಕ್ಕನ ಮೂತ್ರದಲ್ಲಿ ಪಾದರಸ ಅಳೆಸಿ, ಮೈಯಿಂದ ಇಳಿಯಲು ತಿಂಗಳುಗಳು ಬೇಕು ಎಂದರು. ಅಲ್ಲಿಯ ತನಕ ಸೀಸೆಗಳ ಹತ್ತಿರ ಬರಬಾರದು, ಆಫೀಸಿನಲ್ಲಿ ಕಾಗದ ಪತ್ರ ನೋಡಿಕೊಳ್ಳಬೇಕು ಎಂದು ಸಾಹೇಬರ ಆದೇಶ ಬಂತು. ಹಲಗೆಯಿಂದ ಅವಳ ಹೆಸರು ತೆಗೆದರು. ಬೀಗದ ಕೈಯನ್ನು ತಂಗಿಗೆ ಕೊಡುವಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು, ಬಾಗಿಲಾಚೆ ನಿಂತು.

ಆ ಸಂಜೆ ಬಸ್ ಸ್ಟಾಪಿನಲ್ಲಿ ತಂಗಿ ಬಂದು ಪಕ್ಕದಲ್ಲಿ ನಿಂತಳು.

"ಅಜಾಗರೂಕತೆ ಅಂತ ಬರೆದಿದ್ರೆ ಸಾಕಾಗಿತ್ತು," ಎಂದಳು. "ಎಲ್ರೂ ಓದೋ ಪುಸ್ತಕ ಅದು."

"ಅದು ಸುಳ್ಳಾಗ್ತಿತ್ತು. ಆ ಪುಸ್ತಕದಲ್ಲಿ ನಾನು ಸುಳ್ಳು ಬರೆದಿಲ್ಲ."

ತಂಗಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಈಗ ಇಳಿದಿದೆಯಾ ಅಕ್ಕ?"

"ಪಾದರಸವಾ?"

"ಅಲ್ಲ. ನೀನು ಬರೆದೆಯಲ್ಲ, ಅದು."

ಹೂಂ ಎಂದರೆ ಮುಗಿಯುತ್ತಿತ್ತು. ತಂಗಿ ಕಾಯುತ್ತಿದ್ದದ್ದೂ ಅದಕ್ಕೇ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಇಲ್ಲ ಕಣೇ. ಬೀಗದ ಕೈ ನಿನ್ನ ಕೈಗೆ ಕೊಟ್ಟಾಗ ಇನ್ನೂ ಏರಿತು."

ತಂಗಿಯ ಕಣ್ಣು ತುಂಬಿತು. ಬಸ್ಸು ತಿರುವಿನಲ್ಲಿ ಕಾಣಿಸಿತು, ಜನ ಮುಂದೆ ನೂಕಿದರು. ಆ ನೂಕಾಟದಲ್ಲಿ ತಂಗಿ ಅಕ್ಕನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾಳೆ ಮತ್ತೆ ಕೇಳ್ತೀನಿ," ಎಂದಳು.

"ಕೇಳು," ಎಂದಳು ಅಕ್ಕ.